ಹೊಲಿಗೆ ಮಷಿನ್ ಆಮೇಲೆ, ಮೊದಲು ಪಾಸ್‌ಬುಕ್

ಚಿಕ್ಕಪ್ಪ ತೀರಿಕೊಂಡು ಒಂದೂವರೆ ತಿಂಗಳಾಗಿತ್ತು. ಚಿಕ್ಕಮ್ಮನನ್ನು ಕರೆದುಕೊಂಡು ತುಮಕೂರಿನ ಒಂದು ಬ್ಯಾಂಕಿಗೆ ಹೋಗಿದ್ದೆ. ನೂರು ಜನರ ಊಟಕ್ಕೆ ಎಷ್ಟು ಸೇರು ಅಕ್ಕಿ, ಎಷ್ಟು ತೆಂಗಿನಕಾಯಿ, ಎಷ್ಟು ಬೇಳೆ ಅಂತ ನಿಂತಲ್ಲೇ ಹೇಳುವ ಹೆಂಗಸು ಅವರು. ಅಂಥವರು ಹಣ ತೆಗೆಯುವ ಚೀಟಿ ಕೈಯಲ್ಲಿ ಹಿಡಿದು ಸುಮ್ನೆ ನಿಂತಿದ್ದರು. ಪೆನ್ನು ಚೀಟಿಯ ಮೇಲೆ ಇಟ್ಟಿದ್ದಾರೆ, ಅದು ಮುಂದಕ್ಕೆ ಹೋಗುತ್ತಿಲ್ಲ. ಕೌಂಟರಿನಲ್ಲಿದ್ದ ಹುಡುಗ "ಅಮ್ಮ, ಇಲ್ಲಿ ಅಕ್ಷರದಲ್ಲಿ ಬರೀಬೇಕು" ಅಂದ. ಅಷ್ಟು ವರ್ಷ ಆ ಚೀಟಿ ತುಂಬಿದ್ದು ಚಿಕ್ಕಪ್ಪ. ಇನ್ನೊಂದು ಅರ್ಜಿಯಲ್ಲಿ 'ಉದ್ಯೋಗ' ಅಂತ ಒಂದು ಖಾನೆ ಇತ್ತು. "ಏನೂ ಇಲ್ಲ ಅಂತ ಬರಿ" ಅಂದರು ನನಗೆ. 46 ವರ್ಷ ವಯಸ್ಸು, 24 ವರ್ಷ ಸಂಸಾರ ತೂಗಿಸಿದ ಅನುಭವ. ಆದರೂ ಏನೂ ಇಲ್ಲ.

ಮನೆಯೇ ಕೆಲಸವಾಗಿದ್ದ ಹೆಂಗಸಿಗೆ ಆ ಕೆಲಸಕ್ಕಿದ್ದ ಆಸರೆ ಒಂದು ದಿನ ತಪ್ಪಿಹೋದರೆ ಏನಾಗುತ್ತದೆ? ಗಂಡ ಸಾಯಬಹುದು, ಬಿಟ್ಟುಹೋಗಬಹುದು, ಹಾಸಿಗೆ ಹಿಡಿಯಬಹುದು. ಆಗ ಅವಳು ಸ್ವಂತ ದುಡಿಮೆಗೆ ಬರೋದು ಹೇಗೆ, ಯಾವುದು ಮೊದಲು ಆಗಬೇಕು, ಯಾವುದು ಆಮೇಲೆ ಅನ್ನೋದನ್ನು ಬಿಡಿಸಿ ಹೇಳಬೇಕು ಅನ್ನಿಸಿತು. ನಾನು ಇದನ್ನು ಕಲಿತಿದ್ದು ಚಿಕ್ಕಮ್ಮನ ಜೊತೆ ಕಚೇರಿಯಿಂದ ಕಚೇರಿಗೆ ಓಡಾಡಿ.

ಈ ಕಷ್ಟಕ್ಕೆ ಒಂದು ಹೆಸರು ಸಿಕ್ಕಿದ್ದು ಅಮೆರಿಕದಲ್ಲಿ, 1970ರ ದಶಕದಲ್ಲಿ: 'ಡಿಸ್‌ಪ್ಲೇಸ್ಡ್ ಹೋಮ್‌ಮೇಕರ್', ಅಂದರೆ ಆಸರೆ ತಪ್ಪಿದ ಗೃಹಿಣಿ. ಟಿಶ್ ಸಾಮರ್ಸ್ ಅನ್ನುವವರಿಗೆ ನಡುವಯಸ್ಸು ದಾಟಿದ ಮೇಲೆ ವಿಚ್ಛೇದನ ಆದಾಗ ತಮ್ಮ ಹೆಸರಿನಲ್ಲಿ ಏನೂ ಇಲ್ಲ ಅನ್ನೋದು ಗೊತ್ತಾಯಿತು. ಗಂಡನನ್ನು ಕಳೆದುಕೊಂಡಿದ್ದ ಲಾರಿ ಶೀಲ್ಡ್ಸ್ ಅವರ ಜೊತೆಗೂಡಿದರು. ಕಾರ್ಖಾನೆ ಮುಚ್ಚಿದರೆ ಕೆಲಸಗಾರನಿಗೆ ನಿರುದ್ಯೋಗ ಭತ್ಯೆ ಕೊಡುತ್ತೀರಿ, ಸಂಸಾರ ಮುರಿದುಬಿದ್ದ ಗೃಹಿಣಿಯೂ ಕೆಲಸ ಕಳೆದುಕೊಂಡವಳೇ ತಾನೇ ಅನ್ನೋದು ಅವರ ವಾದ. 1975ರಲ್ಲಿ ಕ್ಯಾಲಿಫೋರ್ನಿಯಾ ಇದಕ್ಕೆ ಕಾನೂನನ್ನೇ ಮಾಡಿತು, ಓಕ್ಲ್ಯಾಂಡ್ ನಗರದಲ್ಲಿ ಇಂಥವರಿಗಾಗಿಯೇ ಒಂದು ಕೇಂದ್ರ ಶುರುವಾಯಿತು. ಇವತ್ತಿಗೂ ಅಲ್ಲಿನ ಉದ್ಯೋಗ ಕಾನೂನಿನಲ್ಲಿ ಇಂಥ ಗೃಹಿಣಿಯರ ಮಾತು ಇದೆ.

ನಮ್ಮಲ್ಲಿ ಅಂಥ ಒಂದೇ ಕಾನೂನು ಇಲ್ಲ. ಆದರೆ ಚೂರು ಚೂರಾಗಿ ಬೇಕಾದಷ್ಟಿದೆ, ಯಾವ ಚೂರು ಎಲ್ಲಿದೆ ಅಂತ ಗೊತ್ತಿರಬೇಕು ಅಷ್ಟೆ. ಮನೆಗೆಲಸ ಕೆಲಸವೇ ಅಲ್ಲ ಅನ್ನುವವರಿಗೆ ಒಂದು ಲೆಕ್ಕ ಹೇಳುತ್ತೇನೆ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ದಿನಕ್ಕೆ 289 ನಿಮಿಷ ಅದಕ್ಕೆ ಕೊಡುತ್ತಾರೆ, ಗಂಡಸರು 88 ನಿಮಿಷ. ಅಂದರೆ ಹತ್ತಿರ ಹತ್ತಿರ ಐದು ಗಂಟೆ, ಭಾನುವಾರವೂ ಸೇರಿ. ಅಪಘಾತ ಪರಿಹಾರದ ಪ್ರಕರಣಗಳಲ್ಲಿ ಸುಪ್ರೀಂ ಕೋರ್ಟ್ 2001ರಿಂದಲೇ ಗೃಹಿಣಿಯ ದುಡಿಮೆಗೆ ದುಡ್ಡಿನ ಬೆಲೆ ಕಟ್ಟುತ್ತಾ ಬಂದಿದೆ. ನೋವಿನ ಸಂಗತಿ ಏನೆಂದರೆ ಆ ಬೆಲೆ ಕಟ್ಟೋದು ಅವಳು ಸತ್ತ ಮೇಲೆ.

ಈಗ ಮುಖ್ಯ ವಿಷಯ. ಹೆಂಗಸರಿಗೆ ಸ್ವಾವಲಂಬನೆ ಅಂದ ತಕ್ಷಣ ನಮ್ಮ ತಲೆಗೆ ಬರೋದು ಹೊಲಿಗೆ ಮಷಿನ್. ವೇದಿಕೆ ಮೇಲೆ ಸಾಲಾಗಿ ಇಟ್ಟು, ಹಾರ ಹಾಕಿ ಕೊಡುತ್ತಾರೆ. ಕೊಡುವವರ ಮನಸ್ಸು ಒಳ್ಳೆಯದೇ. ಆದರೆ ಒಂದೇ ಬೀದಿಯಲ್ಲಿ ಆರು ಜನ ಬ್ಲೌಸ್ ಹೊಲಿಯಲು ಕೂತರೆ ಹೊಲಿಸುವವರು ಎಲ್ಲಿಂದ ಬರಬೇಕು? ನಾಲ್ಕು ತಿಂಗಳಿಗೆ ಆ ಮಷಿನ್ ಮೇಲೆ ಹಳೇ ಸೀರೆ ಹೊದಿಸಿ, ಅದರ ಮೇಲೆ ಟಿವಿ ರಿಮೋಟ್ ಇಟ್ಟಿರುತ್ತಾರೆ. ನಾನು ಕಂಡ ಹಾಗೆ ತಪ್ಪೋದು ಅನುಕ್ರಮದಲ್ಲಿ. ಮೊದಲು ಕಾಗದ ಪತ್ರ ಮತ್ತು ಅವಳಿಗೆ ಬರಬೇಕಾದ ದುಡ್ಡು, ಆಮೇಲೆ ಕಲಿಕೆ, ಆಮೇಲೆ ಗಿರಾಕಿ, ಎಲ್ಲಕ್ಕಿಂತ ಕೊನೆಗೆ ಸಾಲ ಮತ್ತು ಮಷಿನ್. ನಾವು ಮಾತ್ರ ಕೊನೆಯದರಿಂದ ಶುರು ಮಾಡುತ್ತೇವೆ.

ಕಾಗದ ಪತ್ರ ಅಂದರೆ ಎಲ್ಲಕ್ಕಿಂತ ಮೊದಲು ಫೋನ್ ನಂಬರ್. ಚಿಕ್ಕಮ್ಮನ ಆಧಾರ್, ಪಡಿತರ ಚೀಟಿ, ಬ್ಯಾಂಕ್, ಗ್ಯಾಸ್ ಎಲ್ಲಕ್ಕೂ ಕೊಟ್ಟಿದ್ದು ಚಿಕ್ಕಪ್ಪನ ನಂಬರ್. ಅವರು ಹೋದ ಮೇಲೆ ಆ ಫೋನ್ ಯಾರೂ ರೀಚಾರ್ಜ್ ಮಾಡಲಿಲ್ಲ, ಸಿಮ್ ನಿಂತುಹೋಯಿತು. ಯಾವ ಕಚೇರಿಗೆ ಹೋದರೂ "ಓಟಿಪಿ ಬಂತಾ ಅಮ್ಮ?" ಎಲ್ಲಿಂದ ಬರಬೇಕು! ಹೊಸ ಸಿಮ್ ತಗೊಂಡು, ಆಧಾರ್ ಕೇಂದ್ರದಲ್ಲಿ ಬೆರಳಚ್ಚು ಕೊಟ್ಟು ನಂಬರ್ ಬದಲಾಯಿಸಿ, ಆಮೇಲೆ ಬ್ಯಾಂಕಿನಲ್ಲಿ ಬದಲಾಯಿಸಿ, ಅಷ್ಟಕ್ಕೇ ಮೂರು ವಾರ ಹೋಯಿತು. ಗಂಡ ಬಿಟ್ಟುಹೋದವರಿಗೆ ಇದು ಇನ್ನೂ ಕಷ್ಟ, ಯಾಕೆಂದರೆ ಆ ನಂಬರ್ ಚಾಲ್ತಿಯಲ್ಲೇ ಇರುತ್ತದೆ, ಓಟಿಪಿ ಅವನ ಕೈಗೆ ಹೋಗುತ್ತದೆ.

ಆಮೇಲೆ ಅವಳೊಬ್ಬಳ ಹೆಸರಿನಲ್ಲೇ ಇರುವ ಖಾತೆ. ಜಂಟಿ ಖಾತೆ ಇದ್ದರೆ ಪಾಸ್‌ಬುಕ್ಕಿನಲ್ಲಿ ಯಾವ ಷರತ್ತು ಇದೆ ನೋಡಿ. 'ಇಬ್ಬರಲ್ಲಿ ಒಬ್ಬರು ಅಥವಾ ಉಳಿದವರು' ಅಂತಿದ್ದರೆ ಮರಣ ಪತ್ರ ಕೊಟ್ಟು ಅವರ ಹೆಸರು ತೆಗೆಸಿ, ಖಾತೆ ಮುಂದುವರಿಸಬಹುದು. ಇಬ್ಬರೂ ಸೇರಿ ಸಹಿ ಹಾಕಬೇಕು ಅಂತಿದ್ದರೆ ಖಾತೆ ಅಲ್ಲಿಗೇ ನಿಲ್ಲುತ್ತದೆ, ಓಡಾಟ ಜಾಸ್ತಿ. ಇನ್ನೊಂದು ವಿಷಯದಲ್ಲಿ ಬಹಳ ಜನ ಎಡವುತ್ತಾರೆ: ನಾಮಿನಿ ಅಂದರೆ ಮಾಲೀಕರಲ್ಲ. ಬ್ಯಾಂಕಿನಲ್ಲಿರೋ ದುಡ್ಡು ಸಾಮಾನ್ಯವಾಗಿ ನಾಮಿನಿಯ ಕೈಗೆ ಬರುತ್ತದೆ, ಆದರೆ ಅದರಲ್ಲಿ ಪಾಲು ಇರೋದು ವಾರಸುದಾರರಿಗೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಗಂಡ ಉಯಿಲು ಬರೆಯದೆ ಹೋದರೆ ಹೆಂಡತಿ, ಮಕ್ಕಳು, ಗಂಡನ ತಾಯಿ ಎಲ್ಲರೂ ಸಮಪಾಲಿನವರು. "ಮೈದುನನ ಹೆಸರು ನಾಮಿನಿ ಅಂತಿದೆ, ನನಗೇನೂ ಇಲ್ಲ" ಅಂತ ಕೈಚೆಲ್ಲಿ ಕೂರಬೇಡಿ.

ಇನ್ನು ಬರಬೇಕಾದ ದುಡ್ಡು. ಗಂಡನ ಹಳೇ ಪಾಸ್‌ಬುಕ್ ಹಿಡಿದುಕೊಂಡು ಕೂತು ಮೇ ತಿಂಗಳ ಕೊನೆಯ ಸಾಲುಗಳನ್ನು ಹುಡುಕಿ. 436 ರೂಪಾಯಿ ಕಡಿತ ಆಗಿದ್ದರೆ ಅದು ಜೀವನ್ ಜ್ಯೋತಿ ವಿಮೆ, ಯಾವ ಕಾರಣಕ್ಕೆ ಸಾವಾದರೂ ಸಾಮಾನ್ಯವಾಗಿ 2 ಲಕ್ಷ. 20 ರೂಪಾಯಿ ಕಡಿತ ಆಗಿದ್ದರೆ ಸುರಕ್ಷಾ ವಿಮೆ, ಅದು ಅಪಘಾತಕ್ಕೆ, ಅದಕ್ಕೂ 2 ಲಕ್ಷ. ಬ್ಯಾಂಕಿನವರು ಖಾತೆ ತೆರೆಯುವಾಗ ಯಾವುದೋ ಫಾರಂಗೆ ಸಹಿ ಹಾಕಿಸಿಕೊಂಡಿರುತ್ತಾರೆ, ಮನೆಯಲ್ಲಿ ಯಾರಿಗೂ ಹೇಳಿರೋದಿಲ್ಲ. ಚಿಕ್ಕಪ್ಪನ ಪಾಸ್‌ಬುಕ್ಕಿನಲ್ಲಿ ಆ 436 ಕಣ್ಣಿಗೆ ಬಿದ್ದಾಗ ನಾವಿಬ್ಬರೂ ಒಂದು ನಿಮಿಷ ಮಾತೇ ಆಡಲಿಲ್ಲ. ಗಂಡ ಖಾಸಗಿ ಕಂಪನಿಯಲ್ಲಿದ್ದು ಪಿಎಫ್ ಕಟ್ಟುತ್ತಿದ್ದರೆ ಅಲ್ಲಿ ಒಂದಲ್ಲ, ಮೂರು ಬಾಬ್ತು ಇರುತ್ತದೆ: ಜಮಾ ಆದ ಪಿಎಫ್ ಹಣ, ಹೆಂಡತಿಗೆ ತಿಂಗಳ ಪಿಂಚಣಿ, ಮತ್ತು ಕೆಲಸದಲ್ಲಿದ್ದಾಗಲೇ ತೀರಿಕೊಂಡಿದ್ದರೆ ಇಡಿಎಲ್‌ಐ ಅನ್ನುವ ವಿಮೆ, ಅದು 7 ಲಕ್ಷದವರೆಗೂ ಬರಬಹುದು. ಮೂರಕ್ಕೂ ಅರ್ಜಿ ಹಾಕಬೇಕು. ಹಣಕ್ಕೆ ಫಾರಂ 20, ಪಿಂಚಣಿಗೆ 10ಡಿ, ವಿಮೆಗೆ 5ಐಎಫ್. ಒಂದನ್ನು ಹಾಕಿ ದುಡ್ಡು ಬಂತು ಅಂತ ಸುಮ್ಮನಾದವರು ಉಳಿದೆರಡನ್ನು ಬಿಟ್ಟುಬಿಡುತ್ತಾರೆ.

ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ ಕೈಯಲ್ಲಿ ಆರು ತಿಂಗಳ ಅಕ್ಕಿ ಬೇಳೆಗೆ ದುಡ್ಡಿದ್ದರೆ ಹೆಂಗಸು ನಿಧಾನವಾಗಿ ಯೋಚಿಸಿ ಕೆಲಸ ಹುಡುಕುತ್ತಾಳೆ. ಇಲ್ಲದಿದ್ದರೆ ನಾಳೆ ಬೆಳಿಗ್ಗೆ ಯಾರು ಕರೆಯುತ್ತಾರೋ ಅಲ್ಲಿಗೆ, ಎಷ್ಟು ಕೊಡುತ್ತಾರೋ ಅಷ್ಟಕ್ಕೆ ಹೋಗಬೇಕಾಗುತ್ತದೆ. ಗೃಹಲಕ್ಷ್ಮಿಯ 2,000 ರೂಪಾಯಿಯನ್ನು ನಾನು ಇದೇ ಕಣ್ಣಿನಿಂದ ನೋಡುತ್ತೇನೆ. ಅದರಿಂದ ಸಂಸಾರ ನಡೆಯೋದಿಲ್ಲ, ನಿಜ. ಆದರೆ ಎಷ್ಟೋ ಹೆಂಗಸರಿಗೆ ತನ್ನ ಹೆಸರಿಗೆ ಬಂದ ಮೊದಲ ದುಡ್ಡು ಅದು. ಶಕ್ತಿ ಯೋಜನೆಯ ಬಸ್ಸೂ ಹಾಗೇ, ತಾಲ್ಲೂಕು ಕೇಂದ್ರಕ್ಕೆ ಹತ್ತು ದಿನ ತರಬೇತಿಗೆ ಹೋಗಿ ಬರೋದಕ್ಕೆ ಯಾರ ಮುಂದೆಯೂ ಕೈ ಚಾಚಬೇಕಾಗಿಲ್ಲ.

ಗಂಡನಿಂದ ದೂರವಾದವರಿಗೆ ಎರಡು ಮಾತು. ಹೆಂಗಸರಿಗೆ ಸರ್ಕಾರದ ಕಾನೂನು ನೆರವು ಉಚಿತ, ಆದಾಯ ಎಷ್ಟೇ ಇರಲಿ. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯಲ್ಲೇ ಹಾಗಿದೆ. ತಾಲ್ಲೂಕು ಕೋರ್ಟಿನ ಆವರಣದಲ್ಲಿ ಕಾನೂನು ಸೇವಾ ಸಮಿತಿ ಎಲ್ಲಿ ಅಂತ ಕೇಳಿದರೆ ತೋರಿಸುತ್ತಾರೆ. ಎರಡನೆಯದು, "ಕೆಲಸ ಕಲಿಯೋಕೆ ಹೋದರೆ ಜೀವನಾಂಶ ನಿಲ್ಲಿಸಿಬಿಡ್ತಾರೆ" ಅನ್ನೋ ಹೆದರಿಕೆ ಬಹಳ ಜನರಲ್ಲಿದೆ. 2020ರ ರಜನೀಶ್ ವಿರುದ್ಧ ನೇಹಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟ ಮಾಡಿದೆ. ಹೆಂಡತಿ ಸ್ವಲ್ಪ ಸಂಪಾದಿಸುತ್ತಾಳೆ ಅನ್ನೋದೊಂದೇ ಕಾರಣಕ್ಕೆ ಜೀವನಾಂಶ ತಪ್ಪಿಸೋ ಹಾಗಿಲ್ಲ, ಆ ಸಂಪಾದನೆ ಅವಳಿಗೆ ಸಾಕಾಗುತ್ತದೆಯೇ ಅಂತ ನೋಡಬೇಕು. ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ ಹಾಕಬೇಕು ಅಂತಲೂ ಅಲ್ಲಿ ಹೇಳಿದೆ. ಹಾಗಾಗಿ ಅರ್ಜಿ ಹಾಕೋದನ್ನು ಮುಂದೂಡಬೇಡಿ.

ಈಗ ಕಲಿಕೆಗೆ ಬರೋಣ. ಇಲ್ಲಿ ಕರ್ನಾಟಕದವರು ಹೆಮ್ಮೆಪಡುವ ಒಂದು ಸಂಗತಿ ಇದೆ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಸೇರಿ ರುಡ್‌ಸೆಟ್ ಸಂಸ್ಥೆ ಶುರು ಮಾಡಿದವು. ಕೆಲವು ವಾರ ಅಲ್ಲೇ ಉಳಿಸಿಕೊಂಡು, ಊಟ ವಸತಿ ಕೊಟ್ಟು, ಶುಲ್ಕವಿಲ್ಲದೆ ಕಸುಬು ಕಲಿಸೋದು. ಆ ಮಾದರಿ ಎಷ್ಟು ಚೆನ್ನಾಗಿ ನಡೆಯಿತು ಅಂದರೆ ಕೇಂದ್ರ ಸರ್ಕಾರ ಅದನ್ನೇ ನೋಡಿ ಜಿಲ್ಲೆಗೊಂದರಂತೆ ಆರ್‌ಸೆಟಿ ಸಂಸ್ಥೆಗಳನ್ನು ಬ್ಯಾಂಕುಗಳ ಮೂಲಕ ಮಾಡಿಸಿತು. ಹೈನುಗಾರಿಕೆ, ಅಣಬೆ, ಬ್ಯೂಟಿ ಪಾರ್ಲರ್, ಹೊಲಿಗೆ, ಬೇಕರಿ ತಿಂಡಿ, ಮೊಬೈಲ್ ರಿಪೇರಿ, ಹೀಗೆ ಹಲವು ಇವೆ. ಹಳ್ಳಿಯವರಿಗೆ ಆದ್ಯತೆ, ವಯಸ್ಸಿನ ಮಿತಿಯೂ ಇದೆ, ಹೋಗೋ ಮುಂಚೆ ಫೋನ್ ಮಾಡಿ ಕೇಳಿ. ನನಗೆ ಅಲ್ಲಿ ಇಷ್ಟವಾದ ಅಂಶ ಅಂದರೆ ಅವರು ಕಸುಬಿನ ಜೊತೆಗೆ ಲೆಕ್ಕ ಬರೆಯೋದು, ಗಿರಾಕಿ ಹತ್ತಿರ ಮಾತಾಡೋದು, ಬ್ಯಾಂಕಿಗೆ ಯೋಜನಾ ವರದಿ ಕೊಡೋದು ಕೂಡ ಕಲಿಸುತ್ತಾರೆ, ತರಬೇತಿ ಮುಗಿದ ಮೇಲೂ ಎರಡು ವರ್ಷ ವಿಚಾರಿಸಿಕೊಳ್ಳುತ್ತಾರೆ. ಬರೀ ಸರ್ಟಿಫಿಕೇಟ್ ಕೊಟ್ಟು ಕಳಿಸುವ ಕಡೆಗೆ ಹೋಗಿ ಸಮಯ ಕಳೆಯಬೇಡಿ.

ಸ್ವಂತ ಉದ್ಯೋಗವೇ ಆಗಬೇಕು ಅಂತೇನೂ ಇಲ್ಲ. ತಿಂಗಳ ಸಂಬಳದ ಕೆಲಸಕ್ಕೆ ಹೋಗೋದರಲ್ಲಿ ಒಂದು ನೆಮ್ಮದಿ ಇದೆ, ಅದನ್ನು ಕಡಿಮೆ ಅಂತ ನೋಡಬಾರದು. ಗಾರ್ಮೆಂಟ್ಸ್ ಕೆಲಸ ಸುಲಭವಲ್ಲ, ನಿಂತೋ ಕೂತೋ ಗಂಟೆಗಟ್ಟಲೆ ದುಡಿಯಬೇಕು, ಟಾರ್ಗೆಟ್ ಒತ್ತಡ ಇರುತ್ತದೆ. ಆದರೆ ಸಂಬಳದ ಚೀಟಿ ಸಿಗುತ್ತದೆ, ಪಿಎಫ್ ಇರುತ್ತದೆ, ಇಎಸ್‌ಐ ಅನ್ನುವ ಆರೋಗ್ಯ ವಿಮೆ ಇರುತ್ತದೆ. ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳದವರು ಇಎಸ್‌ಐಗೆ ಬರುತ್ತಾರೆ, ಅವರಿಂದ ಕಡಿತವಾಗೋದು ಸಂಬಳದ ನೂರಕ್ಕೆ ಮುಕ್ಕಾಲು ರೂಪಾಯಿ ಮಾತ್ರ, ಅದರಿಂದ ಮನೆಯವರ ಚಿಕಿತ್ಸೆಯೂ ನಡೆಯುತ್ತದೆ. ಮೊದಲ ಸಲ ಕೆಲಸಕ್ಕೆ ಹೋಗುವವರು "ನನ್ನ ಸಂಬಳದಲ್ಲಿ ದುಡ್ಡು ಹಿಡ್ಕೊಂಡಿದ್ದಾರೆ" ಅಂತ ಗಾಬರಿಯಾಗುತ್ತಾರೆ. ಪಿಎಫ್‌ಗೆ ಹಿಡಿದಿದ್ದು ಅವರದೇ ಉಳಿತಾಯ, ಅದರ ಜೊತೆಗೆ ಮಾಲೀಕರೂ ತಮ್ಮ ಪಾಲು ಹಾಕಿರುತ್ತಾರೆ. ಎಸ್ಸೆಸ್ಸೆಲ್ಸಿಯಲ್ಲಿ ಎರಡು ವಿಷಯ ಉಳಿದುಹೋಗಿ ಮದುವೆ ಆಗಿಬಿಟ್ಟವರು ನಮ್ಮಲ್ಲಿ ಎಷ್ಟು ಜನ ಇದ್ದಾರೋ! ಅವರು ಈಗಲೂ ಪರೀಕ್ಷೆ ಕಟ್ಟಬಹುದು, ಕೆಲವು ಕೆಲಸಗಳ ಬಾಗಿಲು ಅದೊಂದರಿಂದಲೇ ತೆರೆಯುತ್ತದೆ.

ಚಿಕ್ಕಮ್ಮ ಆರಿಸಿಕೊಂಡಿದ್ದು ಒಬ್ಬಟ್ಟು. ಅವರ ಒಬ್ಬಟ್ಟು ತಿಂದವರು ಮರೆಯೋದಿಲ್ಲ, ಕಣಕ ಎಷ್ಟು ತೆಳು ಅಂದರೆ ಒಳಗಿನ ಹೂರಣದ ಬಣ್ಣ ಕಾಣುತ್ತದೆ. ಅಕ್ಕಪಕ್ಕದವರು ಹಬ್ಬಕ್ಕೆ, ಸೀಮಂತಕ್ಕೆ ಮಾಡಿಕೊಡಿ ಅಂದರು. ಒಂದಕ್ಕೆ 12 ರೂಪಾಯಿ ಅಂತ ಇವರೇ ಹೇಳಿಬಿಟ್ಟರು, ಗೊತ್ತಿರೋರ ಹತ್ತಿರ ಜಾಸ್ತಿ ಕೇಳೋದು ಹೇಗೆ ಅಂತ. ಎರಡು ತಿಂಗಳು ಮಾಡಿದ ಮೇಲೂ ಕೈಯಲ್ಲಿ ದುಡ್ಡು ನಿಲ್ಲಲಿಲ್ಲ. ಒಂದು ಸಂಜೆ ಕೂತು ಐವತ್ತು ಒಬ್ಬಟ್ಟಿನ ಲೆಕ್ಕ ಬರೆದೆವು. ಕಡ್ಲೆಬೇಳೆ ಒಂದು ಕೆಜಿ 90, ಬೆಲ್ಲ ಒಂದು ಕೆಜಿ 60, ಚಿರೋಟಿ ರವೆ ಮೈದಾ ಸೇರಿ 45, ಎಣ್ಣೆ ತುಪ್ಪ 120, ಏಲಕ್ಕಿ 15, ಗ್ಯಾಸ್ 40, ಕವರು ಡಬ್ಬಿ 50. ಒಟ್ಟು 420. ಐವತ್ತಕ್ಕೆ ಬಂದದ್ದು 600. ಉಳಿದದ್ದು 180. "ಪರವಾಗಿಲ್ಲ, 180 ಉಳೀತಲ್ಲ" ಅಂದರು. ಎಷ್ಟು ಹೊತ್ತು ಹಿಡಿಯಿತು ಅಂತ ಕೇಳಿದೆ. ಬೇಳೆ ಬೇಯಿಸಿ, ರುಬ್ಬಿ, ಕಣಕ ನಾದಿ, ತಟ್ಟಿ, ಬೇಯಿಸಿ, ಆರಿಸಿ ಕಟ್ಟುವ ತನಕ ಆರು ಗಂಟೆ. ಅಂದರೆ ಗಂಟೆಗೆ 30 ರೂಪಾಯಿ. ಆ ಅಂಕಿ ನೋಡಿ ಚಿಕ್ಕಮ್ಮ ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಹಾಗೆ ನೋಡಿದರೆ ಅವರು ಪುಸ್ತಕದಲ್ಲಿ ಗ್ಯಾಸಿನ ಬೆಲೆಯನ್ನೂ ಬರೆದಿದ್ದರು, ತಮ್ಮ ಕೂಲಿಯನ್ನು ಮಾತ್ರ ಬರೆದಿರಲಿಲ್ಲ.

ಗೃಹಿಣಿಯಾಗಿದ್ದವರು ವ್ಯಾಪಾರಕ್ಕೆ ಇಳಿದಾಗ ಕೈ ಸುಟ್ಟುಕೊಳ್ಳೋದು ಬಹುಪಾಲು ಇಲ್ಲೇ. ಇಷ್ಟು ವರ್ಷ ತಮ್ಮ ಕೆಲಸಕ್ಕೆ ಬೆಲೆ ಹಾಕಿ ಅಭ್ಯಾಸವಿಲ್ಲ, ಹಾಗಾಗಿ ವ್ಯಾಪಾರದಲ್ಲೂ ಹಾಕೋದಿಲ್ಲ. ಸಾಮಾನಿನ ಖರ್ಚಿಗೆ ಕೂಲಿ ಸೇರಿಸಬೇಕು, ಅದರ ಮೇಲೆ ಲಾಭ. ಗಂಟೆಗೆ 70 ಅಂದರೂ ಆರು ಗಂಟೆಗೆ 420, ಸಾಮಾನು 420, ಅಲ್ಲಿಗೆ 840. ಮೇಲೆ ಸ್ವಲ್ಪ ಲಾಭ ಸೇರಿಸಿದರೆ ಒಂದಕ್ಕೆ 20 ರೂಪಾಯಿ ಬೀಳುತ್ತದೆ. ಬೆಲೆ ಏರಿಸಿದ ಮೊದಲ ವಾರ ಇಬ್ಬರು ಗಿರಾಕಿಗಳು ಕಡಿಮೆಯಾದರು, ಉಳಿದವರು ಏನೂ ಅನ್ನದೆ ಕೊಟ್ಟರು. ಅಷ್ಟೇ ಅಲ್ಲ, ಬೇಳೆ ಬೇಯಿಸಿದ ಕಟ್ಟನ್ನು ಇವರು ಕೇಳಿದವರಿಗೆಲ್ಲ ಸುಮ್ನೆ ಕೊಡುತ್ತಿದ್ದರು. ನಮ್ಮ ಬಯಲುಸೀಮೆಯವರಿಗೆ ಒಬ್ಬಟ್ಟಿನ ಸಾರು ಅಂದರೆ ಪ್ರಾಣ ಅಲ್ವಾ, ಈಗ ಸಾರು ಮಾಡಿ ಲೀಟರ್ ಲೆಕ್ಕದಲ್ಲಿ ಕೊಡುತ್ತಾರೆ. ಮನೆಯಲ್ಲಿ ಮಾಡಿ ಮಾರುವವರು ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿಕೊಳ್ಳಬೇಕು, ಚಿಕ್ಕ ಪ್ರಮಾಣದವರಿಗೆ ವರ್ಷಕ್ಕೆ 100 ರೂಪಾಯಿ ಶುಲ್ಕ. ಆ ನಂಬರ್ ಇದ್ದರೆ ಅಂಗಡಿಯವರೂ ಧೈರ್ಯವಾಗಿ ಇಟ್ಟುಕೊಳ್ಳುತ್ತಾರೆ.

ಮಾಡೋದು ಒಬ್ಬರು, ಮಾರೋದು ಇನ್ನೊಬ್ಬರು ಅನ್ನುವ ದಾರಿಯೂ ಇದೆ. 1959ರಲ್ಲಿ ಮುಂಬೈನಲ್ಲಿ ಏಳು ಜನ ಹೆಂಗಸರು 80 ರೂಪಾಯಿ ಸಾಲ ತಂದು ಲಿಜ್ಜತ್ ಪಾಪಡ್ ಶುರು ಮಾಡಿದ ಕತೆ ಕೇಳಿರುತ್ತೀರಿ. ಅದರಲ್ಲಿ ಗಮನಿಸಬೇಕಾದದ್ದು ಕೆಲಸ ಹಂಚಿದ ರೀತಿ. ಸಂಸ್ಥೆ ಹಿಟ್ಟು ಕಲಸಿ ಕೊಡುತ್ತದೆ, ಸದಸ್ಯೆಯರು ಮನೆಗೆ ಒಯ್ದು ಲಟ್ಟಿಸಿ ಒಣಗಿಸಿ ತಂದುಕೊಡುತ್ತಾರೆ, ತೂಕಕ್ಕೆ ತಕ್ಕ ಕೂಲಿ. ಮಾರುಕಟ್ಟೆಯ ತಲೆಬಿಸಿ ಲಟ್ಟಿಸುವವರ ಮೇಲೆ ಇಲ್ಲ. ನಮ್ಮಲ್ಲಿ ಸಂಜೀವಿನಿ ಒಕ್ಕೂಟಗಳು, ಹೆಂಗಸರೇ ನಡೆಸುವ ಅಕ್ಕ ಕೆಫೆಗಳು ಇರೋದೂ ಇದೇ ನಂಬಿಕೆಯ ಮೇಲೆ.

ಕೊನೆಗೆ ಸಾಲ. ಅತಿ ಸುರಕ್ಷಿತ ದಾರಿ ಅಂದರೆ ಸ್ವಸಹಾಯ ಸಂಘ. ಇದರ ಬೇರು ಕೂಡ ನಮ್ಮ ರಾಜ್ಯದಲ್ಲಿದೆ, 1980ರ ದಶಕದಲ್ಲಿ ಮೈರಾಡ ಸಂಸ್ಥೆ ಇಲ್ಲಿನ ಹಳ್ಳಿಗಳಲ್ಲಿ ಇಂಥ ಗುಂಪು ಕಟ್ಟಿತು, 1992ರಲ್ಲಿ ಗ್ರಾಮೀಣ ಅಭಿವೃದ್ಧಿಯ ಬ್ಯಾಂಕ್ ಆದ ನಬಾರ್ಡ್ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಮಾಡಿತು. ಲೆಕ್ಕ ಹೀಗೆ. 15 ಜನ, ವಾರಕ್ಕೆ ತಲಾ 100. ಆರು ತಿಂಗಳಿಗೆ 39,000. ಸಭೆ, ಉಳಿತಾಯ, ಒಳಸಾಲ, ಮರುಪಾವತಿ, ಪುಸ್ತಕ ಐದೂ ಸರಿಯಾಗಿದ್ದರೆ ಬ್ಯಾಂಕು ಆ ಉಳಿತಾಯದ ಆರು ಪಟ್ಟಿನವರೆಗೂ ಸಾಲ ಕೊಡಬಹುದು, ಅಂದರೆ 2,34,000. ಸಂಘದ ಸಾಲ 10 ಲಕ್ಷದವರೆಗೆ ಅಡಮಾನ ಕೇಳೋ ಹಾಗಿಲ್ಲ. ಒಬ್ಬರೇ ಸಾಲ ತೆಗೆಯೋದಾದರೆ ಮಹಿಳಾ ಅಭಿವೃದ್ಧಿ ನಿಗಮದ ಉದ್ಯೋಗಿನಿ ಇದೆ, 18ರಿಂದ 55 ವಯಸ್ಸಿನವರಿಗೆ. ಸಾಲ ಬ್ಯಾಂಕಿನದು, ಸಬ್ಸಿಡಿ ನಿಗಮದ್ದು. ಪರಿಶಿಷ್ಟ ಜಾತಿ ಪಂಗಡದವರಿಗೆ ಅರ್ಧ, ಉಳಿದವರಿಗೆ ನೂರಕ್ಕೆ 30. ಸಿಡಿಪಿಓ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಕಚೇರಿಯಲ್ಲಿ ವಿಚಾರಿಸಬೇಕು. ಅರ್ಜಿ ಹಾಕಿದವರಿಗೆಲ್ಲ ಸಿಗೋದಿಲ್ಲ, ಮಧ್ಯದಲ್ಲಿ "ನಾನು ಮಾಡಿಸಿಕೊಡ್ತೀನಿ" ಅಂತ ದುಡ್ಡು ಕೇಳುವವರು ಬರುತ್ತಾರೆ, ಅವರಿಗೆ ಒಂದು ಪೈಸೆ ಕೊಡಬೇಡಿ.

ಮನೆ ಬಾಗಿಲಿಗೆ ಬಂದು ಕೊಡುವ ಸಾಲದಲ್ಲಿ ಒಂದೇ ಪ್ರಶ್ನೆ ಕೇಳಿ: ಬಡ್ಡಿ ಫ್ಲ್ಯಾಟೋ, ಉಳಿದ ಅಸಲಿನ ಮೇಲೋ? 50,000 ರೂಪಾಯಿ, ಎರಡು ವರ್ಷ, ನೂರಕ್ಕೆ 12. ಫ್ಲ್ಯಾಟ್ ಅಂದರೆ ಕಟ್ಟಿದ ಅಸಲಿಗೂ ಕೊನೆಯವರೆಗೆ ಬಡ್ಡಿ ಹಾಕುತ್ತಲೇ ಇರುತ್ತಾರೆ, ಒಟ್ಟು ಬಡ್ಡಿ 12,000. ಉಳಿದ ಅಸಲಿನ ಮೇಲೆ ಮಾತ್ರ ಅಂದರೆ ಸುಮಾರು 6,500. ಬಾಯಲ್ಲಿ ಹೇಳೋದು ಎರಡಕ್ಕೂ "12 ಪರ್ಸೆಂಟ್" ಅಂತಲೇ. ವಸೂಲಿಗೆ ಬಂದು ಮನೆ ಮುಂದೆ ಕೂಗಾಡಿ ಮರ್ಯಾದೆ ತೆಗೆದರೆ 2025ರಿಂದ ನಮ್ಮ ರಾಜ್ಯದಲ್ಲಿ ಅದಕ್ಕೆ ಜೈಲು ಶಿಕ್ಷೆಯ ಕಾನೂನು ಇದೆ, ಠಾಣೆಗೆ ಹೋಗಬಹುದು.

ಇನ್ನೊಂದು ವಿಷಯ ಯಾವ ಯೋಜನೆಯ ಕಾಗದದಲ್ಲೂ ಇರೋದಿಲ್ಲ. ಅವಳು ಕೆಲಸಕ್ಕೆ ಹೋದರೆ ಆ 289 ನಿಮಿಷ ಯಾರು ಮಾಡಬೇಕು? ಚಿಕ್ಕಮ್ಮನ ಮನೆಯಲ್ಲಿ ಇದಕ್ಕೆ ಜಗಳವೇ ಆಯಿತು. ಮಗ ಈಗ ಬೆಳಿಗ್ಗೆ ಪಾತ್ರೆ ತೊಳೆದು ಕಾಲೇಜಿಗೆ ಹೋಗುತ್ತಾನೆ, ಅತ್ತೆ ಕೂತಲ್ಲೇ ಏಲಕ್ಕಿ ಬಿಡಿಸಿ ಕುಟ್ಟಿ ಕೊಡುತ್ತಾರೆ. ಹಾಗೆ ಆಗದ ಮನೆಯಲ್ಲಿ ಎಂಥ ತರಬೇತಿ ಕೊಟ್ಟರೂ ಹೆಂಗಸು ಆರು ತಿಂಗಳಿಗೆ ಸುಸ್ತಾಗಿ ಬಿಟ್ಟುಬಿಡುತ್ತಾಳೆ.

ಚಿಕ್ಕಮ್ಮ ಇನ್ನೂ ಸಾಲ ತೆಗೆದಿಲ್ಲ. ದೊಡ್ಡ ಗ್ರೈಂಡರ್ ಬೇಕು ಅಂತ ಆಸೆ ಇದೆ, ತಿಂಗಳಿಗೆ ಇಷ್ಟು ಆರ್ಡರ್ ಸತತವಾಗಿ ಆರು ತಿಂಗಳು ಬರಲಿ, ಆಮೇಲೆ ನೋಡೋಣ ಅಂತಾರೆ. ಹೋದ ತಿಂಗಳು ಅವರ ಬೀದಿಯಲ್ಲೇ ಇನ್ನೊಬ್ಬರ ಗಂಡ ತೀರಿಕೊಂಡರು. ಆ ಹೆಣ್ಣುಮಗಳಿಗೆ ಮೂವತ್ತೆಂಟು ವರ್ಷ, ಇಬ್ಬರು ಮಕ್ಕಳು. ತಿಥಿ ಕಳೆದ ಮೇಲೆ ಚಿಕ್ಕಮ್ಮ ಒಂದು ಡಬ್ಬಿ ತಿಂಡಿ ತಗೊಂಡು ಹೋಗಿ ಪಕ್ಕದಲ್ಲಿ ಕೂತರು, ತುಂಬಾ ಹೊತ್ತು ಏನೂ ಮಾತಾಡಲಿಲ್ಲ. ಎದ್ದು ಬರುವಾಗ ಕೇಳಿದ್ದು ಒಂದೇ ಮಾತು. "ನಿನ್ನ ಆಧಾರ್‌ಗೆ ಯಾರ ನಂಬರ್ ಕೊಟ್ಟಿದ್ದೀಯಮ್ಮ?"